ಅರ್ಧ ಸೆಕೆಂಡಿನ ಲೆಕ್ಕ: ಮೈಸೂರಿನ ಶ್ರೀನಾಥ್ ಮತ್ತು ವೇಗದ ಬೆಲೆ

ಮೈಸೂರಿನಿಂದ ಮಾತಾಡ್ತಾ ಇದ್ದೀನಿ.

ಇವತ್ತಿನ ಕಥೆ ಒಂದು ಸಂಖ್ಯೆಯಿಂದ ಶುರುವಾಗುತ್ತೆ. 0.42. ಅಂದ್ರೆ ಅರ್ಧ ಸೆಕೆಂಡಿಗೂ ಕಡಿಮೆ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಬೌಲರ್ ಕೈಯಿಂದ ಬಿಟ್ಟ ಚೆಂಡು ಬ್ಯಾಟ್ಸ್‌ಮನ್ ಹತ್ರ ಬರೋಕೆ ತಗೊಳ್ಳೋ ಸಮಯ ಇದು. ಲೆಕ್ಕ ಸುಲಭ. ಪಿಚ್ ಉದ್ದ 22 ಗಜ, ಅಂದ್ರೆ 20.12 ಮೀಟರ್. ಆದ್ರೆ ಬೌಲರ್ ಸ್ಟಂಪ್ ದಾಟಿ ಮುಂದೆ ಬಂದು ಚೆಂಡು ಬಿಡ್ತಾರೆ, ಬ್ಯಾಟ್ಸ್‌ಮನ್ ಸ್ಟಂಪ್‌ಗಿಂತ ಮುಂದೆ ನಿಂತಿರ್ತಾರೆ. ಎರಡು ಕ್ರೀಸ್‌ಗಳ ನಡುವಿನ ಅಂತರ 17.68 ಮೀಟರ್. ಗಂಟೆಗೆ 150 ಕಿ.ಮೀ. ಅಂದ್ರೆ ಸೆಕೆಂಡಿಗೆ 41.7 ಮೀಟರ್. ಭಾಗಿಸಿ ನೋಡಿ, 0.42 ಬರುತ್ತೆ. ಗಾಳಿಯ ತಡೆ, ನೆಲಕ್ಕೆ ಬಿದ್ದು ಏಳೋದು ಎರಡೂ ಸೇರಿದ್ರೆ ಇನ್ನೊಂದು ಚೂರು ಜಾಸ್ತಿ.

ಇದರಲ್ಲಿ ಸುಮಾರು 0.2 ಸೆಕೆಂಡ್ ಕಣ್ಣು ನೋಡಿ, ಮೆದುಳು ತಿಳ್ಕೊಂಡು, ಕೈಗೆ ಹೇಳೋದಕ್ಕೇ ಹೋಗುತ್ತೆ. ಉಳಿದಿದ್ದರಲ್ಲಿ ಬ್ಯಾಟ್ ಬೀಸಬೇಕು.

ಅದೇ ಚೆಂಡು ಗಂಟೆಗೆ 120 ಕಿ.ಮೀ. ವೇಗದಲ್ಲಿ ಬಂದ್ರೆ? 0.53 ಸೆಕೆಂಡ್ ಸಿಗುತ್ತೆ. ವ್ಯತ್ಯಾಸ ಬರೀ 0.1 ಸೆಕೆಂಡ್. ಈ ಒಂದು ಹತ್ತನೇ ಒಂದು ಸೆಕೆಂಡು ಭಾರತದ ಕ್ರಿಕೆಟ್‌ಗೆ ತುಂಬಾ ಕಾಲ ಸಿಕ್ಕಿರಲೇ ಇಲ್ಲ. ಅದನ್ನ ತಂದುಕೊಟ್ಟವರಲ್ಲಿ ಒಬ್ಬರು ನಮ್ಮ ಊರಿನವರು. ಜಾವಗಲ್ ಶ್ರೀನಾಥ್.

ಸ್ಪಿನ್ನರ್‌ಗಳ ದೇಶದಲ್ಲಿ

ಸ್ವಲ್ಪ ಹಿಂದಕ್ಕೆ ಹೋಗೋಣ. 1960-70ರ ದಶಕದ ಭಾರತ ತಂಡ ಅಂದ್ರೆ ಸ್ಪಿನ್ ತಂಡ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್. ಇವರಲ್ಲಿ ಬಿ.ಎಸ್. ಚಂದ್ರಶೇಖರ್ ಹುಟ್ಟಿದ್ದು ಮೈಸೂರಿನಲ್ಲೇ. ಹೊಸ ಚೆಂಡಿನಲ್ಲಿ ಒಂದಷ್ಟು ಓವರ್ ಹಾಕಿ, ಅದರ ಹೊಳಪು ಹೋಗಿಸಿ, ಸ್ಪಿನ್ನರ್ ಕೈಗೆ ಕೊಡೋದಷ್ಟೇ ವೇಗಿಗಳ ಕೆಲಸ ಅನ್ನೋ ಹಾಗಿತ್ತು. ಸುನಿಲ್ ಗವಾಸ್ಕರ್ ಟೆಸ್ಟ್‌ನಲ್ಲಿ ಬೌಲಿಂಗ್ ಓಪನ್ ಮಾಡಿದ್ದೂ ಉಂಟು. ಹೌದು, ಅದೇ ಗವಾಸ್ಕರ್!

ಆಮೇಲೆ ಕಪಿಲ್ ದೇವ್ ಬಂದರು, ಚಿತ್ರ ಬದಲಾಯಿತು. ಆದ್ರೂ ಒಂದು ಮಾತು ಹೋಗಿರಲಿಲ್ಲ. "ಸ್ವಿಂಗ್ ಮಾಡೋರು ನಮ್ಮಲ್ಲಿ ಸಿಗ್ತಾರೆ, ನಿಜವಾದ ಸ್ಪೀಡ್ ನಮ್ಮವರ ಮೈಗೆ ಒಗ್ಗಲ್ಲ." ಊಟ, ಮೈಕಟ್ಟು, ಹವೆ ಹೀಗೆ ಎಲ್ಲದರ ಮೇಲೂ ತಪ್ಪು ಹೊರಿಸುತ್ತಿದ್ದರು.

ಶ್ರೀನಾಥ್ ಹುಟ್ಟಿದ್ದು 1969ರ ಆಗಸ್ಟ್ 31ರಂದು, ಮೈಸೂರಿನಲ್ಲಿ. ಓದಿದ್ದು ಮರಿಮಲ್ಲಪ್ಪ ಹೈಸ್ಕೂಲು, ನಂತರ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು. ನಾವೆಲ್ಲ ಎಸ್‌ಜೆಸಿಇ ಅಂತೀವಲ್ಲ, ಈಗ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಆಗಿರೋದು, ಅದೇ. ಅವರ ವಿಷಯ ಇನ್‌ಸ್ಟ್ರುಮೆಂಟೇಶನ್, ಅಂದ್ರೆ ಅಳತೆ ಮಾಡೋ ಉಪಕರಣಗಳ ವಿದ್ಯೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

1989-90ರ ರಣಜಿ ಋತುವಿನಲ್ಲಿ ಹೈದರಾಬಾದ್ ವಿರುದ್ಧ ಕರ್ನಾಟಕಕ್ಕೆ ಮೊದಲ ಪಂದ್ಯ. ಮೊದಲ ಇನಿಂಗ್ಸ್‌ನಲ್ಲೇ ಹ್ಯಾಟ್ರಿಕ್. 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್‌ಗೆ ಪದಾರ್ಪಣೆ.

ಆದ್ರೆ ತವರಿನಲ್ಲಿ ಮೊದಲ ಟೆಸ್ಟ್ ಆಡಿದ್ದು ಯಾವಾಗ ಗೊತ್ತಾ? 1994ರ ನವೆಂಬರ್, ಬಾಂಬೆ, ವೆಸ್ಟ್ ಇಂಡೀಸ್ ವಿರುದ್ಧ. ಮೂರು ವರ್ಷ! ವಿದೇಶಕ್ಕೆ ಹೋದಾಗ ಶ್ರೀನಾಥ್ ಬೇಕು, ಊರಲ್ಲಿ ಆಡುವಾಗ ಬೇಡ. ಇಲ್ಲಿ ಕಪಿಲ್ ಇದ್ದರು, ಮೂವರು ಸ್ಪಿನ್ನರ್‌ಗಳಿದ್ದರು, ಪಿಚ್ ತಿರುಗುತ್ತಿತ್ತು. ಕಪಿಲ್ 1994ರಲ್ಲಿ ನಿವೃತ್ತಿಯಾದ ಮೇಲೆ ಬಾಗಿಲು ತೆರೆಯಿತು. ಬಾಂಬೆಯ ಆ ಪಂದ್ಯದಲ್ಲಿ ವಿಕೆಟ್ಟೂ ತೆಗೆದು, ಅರ್ಧಶತಕವನ್ನೂ ಹೊಡೆದು, ಪಂದ್ಯಶ್ರೇಷ್ಠರಾದರು.

ಓಡೋದು ಯಾಕೆ, ನಿಲ್ಲೋದು ಯಾಕೆ

ಈಗ ಫಿಸಿಕ್ಸ್‌ಗೆ ಬರೋಣ. ಭಯ ಬೇಡ, ನಾನೂ ಕಾಮರ್ಸ್ ಓದಿದವನೇ. ನಿಜ ಹೇಳ್ಬೇಕಂದ್ರೆ ನ್ಯೂಟನ್ನನ ಮೂರನೇ ನಿಯಮ ನಮಗೆ ಚೆನ್ನಾಗಿ ಅರ್ಥ ಆಗುತ್ತೆ. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು. ಒಂದು ಕಡೆ ಬಲ ಬರೆದ್ರೆ ಇನ್ನೊಂದು ಕಡೆ ಅಷ್ಟೇ ಬಲ ಬರೀಲೇಬೇಕು. ಅಲ್ಲಿ ಸಾಲ ಮನ್ನಾ ಇಲ್ಲ.

ವೇಗದ ಬೌಲರ್ ಓಡಿ ಬರೋ ವೇಗ ಸೆಕೆಂಡಿಗೆ ಸುಮಾರು 6 ಮೀಟರ್ ಅಂತಿಟ್ಕೊಳ್ಳಿ. ಗಂಟೆಗೆ 21-22 ಕಿ.ಮೀ., ನಮ್ಮ ಅಗ್ರಹಾರದ ಟ್ರಾಫಿಕ್‌ನಲ್ಲಿ ಆಟೋ ಹೋಗೋ ಸ್ಪೀಡು. ಚೆಂಡು ಹೋಗೋದು 150ರಲ್ಲಿ. ಹಾಗಾದ್ರೆ ಉಳಿದಿದ್ದು ಎಲ್ಲಿಂದ ಬಂತು?

ಉತ್ತರ ಬ್ರೇಕ್‌ನಲ್ಲಿದೆ. ಸಿಟಿ ಬಸ್ಸಲ್ಲಿ ಕಂಬಿ ಹಿಡಿದು ನಿಂತಿದ್ದೀರಿ. ಡ್ರೈವರ್ ಜೋರಾಗಿ ಬ್ರೇಕ್ ಹಾಕ್ತಾರೆ. ನಿಮ್ಮ ಪಾದ ಬಸ್ಸಿನ ಜೊತೆ ನಿಲ್ಲುತ್ತೆ, ಮೈ ಮುಂದಕ್ಕೆ ಎಸೆದ ಹಾಗೆ ಹೋಗುತ್ತೆ. ಬೌಲರ್ ಇದನ್ನೇ ಬೇಕು ಅಂತ ಮಾಡ್ತಾರೆ. ಕ್ರೀಸ್‌ನಲ್ಲಿ ಮುಂದಿನ ಕಾಲನ್ನ ಗೂಟ ಹೊಡೆದ ಹಾಗೆ ನೆಲಕ್ಕೆ ಊರ್ತಾರೆ. ಕಾಲು ನಿಂತಿತು. ಸೊಂಟ, ಎದೆ, ಭುಜ ಒಂದರ ಹಿಂದೆ ಒಂದು ಮುಂದಕ್ಕೆ ಚಿಮ್ಮುತ್ತವೆ. ಕೊನೆಗೆ ಚಾಟಿಯ ತುದಿಯ ಹಾಗೆ ಕೈ ಬೀಸುತ್ತೆ. ನೇರ ಓಟದ ಚಲನೆ ಈಗ ತಿರುಗುವ ಚಲನೆ ಆಯ್ತು. ಮುಂದಿನ ಕಾಲು ಮಡಚಿದ್ರೆ ಈ ವರ್ಗಾವಣೆಯಲ್ಲಿ ಸೋರಿಕೆ. ಅದಕ್ಕೇ ಕೋಚ್‌ಗಳು "ಮುಂಗಾಲು ಗಟ್ಟಿ, ಮುಂಗಾಲು ಗಟ್ಟಿ" ಅಂತ ಕೂಗೋದು.

ಬೆಲೆ ಎಷ್ಟು? 80 ಕೆ.ಜಿ. ತೂಕದ ಮನುಷ್ಯ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸೆಕೆಂಡಿಗೆ 4 ಮೀಟರ್‌ನಷ್ಟು ವೇಗ ಕಳ್ಕೊಂಡ್ರೆ, ಎರಡನೇ ನಿಯಮದ ಪ್ರಕಾರ 3,200 ನ್ಯೂಟನ್. ದೇಹದ ತೂಕದ ನಾಲ್ಕು ಪಟ್ಟು. ಇದು ಹಿಂದಕ್ಕೆ ತಳ್ಳೋ ಬಲ ಮಾತ್ರ. ಮೇಲಿಂದ ಕೆಳಕ್ಕೆ ಇಳಿಯೋ ಭಾರ ಬೇರೆ ಇದೆ. ಪ್ರಯೋಗಾಲಯಗಳಲ್ಲಿ ಅಳೆದಾಗ ವೇಗಿಗಳ ಮುಂಗಾಲಿನ ಮೇಲೆ ದೇಹತೂಕದ ಐದು ಪಟ್ಟಿಗೂ ಮೀರಿದ ಬಲ ದಾಖಲಾಗಿದೆ. ಒಂದು ಎಸೆತಕ್ಕೆ ಇಷ್ಟು.

ಭುಜದ ಖಾತೆ

ಕೈಯ ಲೆಕ್ಕ ಇನ್ನೂ ಸ್ವಾರಸ್ಯ. ಚೆಂಡಿನ ತೂಕ ಸುಮಾರು 160 ಗ್ರಾಂ. ಅದನ್ನ 0.1 ಸೆಕೆಂಡಿನಲ್ಲಿ ಆ ವೇಗಕ್ಕೆ ಏರಿಸೋಕೆ ಬೇಕಾದ ಸರಾಸರಿ ಬಲ 57 ನ್ಯೂಟನ್. ಆರು ಕೆ.ಜಿ. ಅಕ್ಕಿ ಎತ್ತಿದ ಹಾಗೆ. ಅಷ್ಟೇನಾ ಅನ್ನಿಸುತ್ತೆ ಅಲ್ವಾ?

ಆದ್ರೆ ಬೀಸಬೇಕಾಗಿರೋದು ಚೆಂಡೊಂದನ್ನೇ ಅಲ್ಲ, ಕೈಯನ್ನೂ. ಒಬ್ಬ ವಯಸ್ಕರ ಒಂದು ಕೈ ಸುಮಾರು 4 ಕೆ.ಜಿ. ತೂಗುತ್ತೆ. ಹಗ್ಗಕ್ಕೆ ಕಲ್ಲು ಕಟ್ಟಿ ತಿರುಗಿಸಿದ್ರೆ ಹಗ್ಗ ಕೈಯನ್ನ ಎಳೆಯುತ್ತೆ ಅಲ್ವಾ? ಇಲ್ಲಿ ಕಲ್ಲು ಅಂದ್ರೆ ಬೌಲರ್‌ನ ಕೈ, ಹಗ್ಗ ಅಂದ್ರೆ ಭುಜದ ಕೀಲು. ವೇಗದ ಬೌಲರ್ ಕೈ ಸೆಕೆಂಡಿಗೆ ಐದಾರು ಸುತ್ತು ತಿರುಗೋ ರಭಸದಲ್ಲಿ ಇಳಿಯುತ್ತೆ. ಕೈಯ ಭಾರ ಭುಜದಿಂದ ಸುಮಾರು ಒಂದಡಿ ದೂರದಲ್ಲಿ ಕೇಂದ್ರೀಕೃತ ಅಂತ ಹಿಡಿದ್ರೆ, ಭುಜವನ್ನ ಕೀಲಿನಿಂದ ಹೊರಗೆ ಎಳೆಯೋ ಬಲ ಅಂದಾಜು ಒಂದೂವರೆ ಕ್ವಿಂಟಲ್ ತೂಕದಷ್ಟು. ಕ್ಷಣಮಾತ್ರ, ನಿಜ. ಆದ್ರೆ ಪ್ರತಿ ಎಸೆತಕ್ಕೂ.

ಆ ಕೈಯನ್ನ ಗೂಡಿನಲ್ಲೇ ಹಿಡಿದಿಡೋದು ನಾಲ್ಕು ಸಣ್ಣ ಸ್ನಾಯುಗಳ ಒಂದು ಗುಂಪು. ಅದಕ್ಕೆ ರೊಟೇಟರ್ ಕಫ್ ಅಂತಾರೆ. ಚೆಂಡು ಬಿಟ್ಟಾದ ಮೇಲೆ ಕೈಗೆ ಬ್ರೇಕ್ ಹಾಕೋದೂ ಮುಖ್ಯವಾಗಿ ಇವೇ.

ಈಗ ಶ್ರೀನಾಥ್ ಲೆಡ್ಜರ್ ತೆಗೀರಿ. 1995ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಗೆ ಆಡಿ ಒಂದೇ ಋತುವಿನಲ್ಲಿ 87 ವಿಕೆಟ್. 87 ವಿಕೆಟ್ ಅಂದ್ರೆ ಎಷ್ಟು ಓವರ್ ಹಾಕಿರಬೇಕು, ಯೋಚಿಸಿ. 1996ರಲ್ಲಿ ವಿಶ್ವಕಪ್, ಇಂಗ್ಲೆಂಡ್ ಪ್ರವಾಸ, ತವರಿನಲ್ಲಿ ದಕ್ಷಿಣ ಆಫ್ರಿಕಾ, ಮತ್ತೆ ವರ್ಷದ ಕೊನೆಗೆ ದಕ್ಷಿಣ ಆಫ್ರಿಕಾದಲ್ಲೇ ಸರಣಿ. ವೆಂಕಟೇಶ್ ಪ್ರಸಾದ್ ಜೊತೆ ಹೊಸ ಚೆಂಡು ಹಂಚ್ಕೊಂಡು, ಟೆಸ್ಟ್, ಒನ್‌ಡೇ ಎರಡರಲ್ಲೂ.

ಅಹಮದಾಬಾದ್, 1996

ಆ ವರ್ಷದ ನವೆಂಬರ್‌ನಲ್ಲಿ ಮೊಟೇರಾ ಮೈದಾನ. ಪಿಚ್ ಸ್ಪಿನ್ನರ್‌ಗಳದ್ದು ಅಂತಲೇ ಎಲ್ಲರ ಅಂದಾಜು. ದಕ್ಷಿಣ ಆಫ್ರಿಕಾಗೆ ಗೆಲ್ಲೋಕೆ ಬೇಕಿದ್ದು ಬರೀ 170. ತಂಡ 105ಕ್ಕೆ ಆಲೌಟ್. ಭಾರತಕ್ಕೆ 64 ರನ್ ಜಯ. ಶ್ರೀನಾಥ್ ಲೆಕ್ಕದಲ್ಲಿ 21 ರನ್‌ಗೆ 6 ವಿಕೆಟ್.

ಸತ್ತ ಪಿಚ್‌ನಲ್ಲಿ ವೇಗಿಗೆ ಕೆಲಸ ಇಲ್ಲ ಅನ್ನೋ ನಂಬಿಕೆಗೆ ಇಲ್ಲಿ ಪೆಟ್ಟು ಬಿತ್ತು. ಫಿಸಿಕ್ಸ್ ಏನು ಹೇಳುತ್ತೆ? ಚೆಂಡು ನೆಲಕ್ಕೆ ಬಡಿದಾಗ ಘರ್ಷಣೆ ಅದರ ವೇಗವನ್ನ ಸ್ವಲ್ಪ ತಿಂದು ಹಾಕುತ್ತೆ. ಎಷ್ಟು ಜೋರಾಗಿ ಕೆಳಕ್ಕೆ ಬಡಿಯುತ್ತೋ ಅಷ್ಟು ಜಾಸ್ತಿ ತಿನ್ನುತ್ತೆ. ಶಾರ್ಟ್ ಪಿಚ್ ಎಸೆತ ಕಡಿಮೆ ಸಮಯದಲ್ಲಿ ನೆಲ ಮುಟ್ಟಬೇಕು, ಹಾಗಾಗಿ ಕೆಳಮುಖದ ವೇಗ ಜಾಸ್ತಿ. ಮೆತ್ತಗಿನ ಪಿಚ್‌ನಲ್ಲಿ ಅದು ಬಡಿದು, ವೇಗ ಕಳ್ಕೊಂಡು, ಬ್ಯಾಟ್ಸ್‌ಮನ್‌ಗೆ ಸಮಯ ಕೊಟ್ಟು ಬರುತ್ತೆ. ಚೆಂಡನ್ನ ಮುಂದಕ್ಕೆ, ಸ್ಟಂಪ್ ಕಡೆಗೆ ಹಾಕಿದ್ರೆ ನೆಲ ಕಸ್ಕೊಳ್ಳೋದು ಕಡಿಮೆ. ಶ್ರೀನಾಥ್ ಮೇಲೆ ಶುರುವಿನ ವರ್ಷಗಳಲ್ಲಿ ಇದ್ದ ದೂರೇ "ತುಂಬಾ ಶಾರ್ಟ್ ಹಾಕ್ತಾರೆ" ಅಂತ. ವೇಗ ಇದ್ರೆ ಸಾಲದು, ಅದನ್ನ ಎಲ್ಲಿ ಖರ್ಚು ಮಾಡ್ತೀವಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಅದರ ಮೇಲೆ ಬಲಗೈ ಬ್ಯಾಟ್ಸ್‌ಮನ್‌ಗೆ ಒಳಕ್ಕೆ ನುಗ್ಗೋ ಅವರ ಸಹಜ ಎಸೆತ. 0.4 ಸೆಕೆಂಡಿನಲ್ಲಿ ಒಳಕ್ಕೆ ಬರೋ ಚೆಂಡಿಗೆ ಬ್ಯಾಟ್ ತಡವಾದ್ರೆ ಒಂದೋ ಪ್ಯಾಡು, ಇಲ್ಲ ಸ್ಟಂಪು.

1997: ಬಿಲ್ ಬಂತು

1997ರ ಆರಂಭದಲ್ಲಿ ಭುಜ ಕೈಕೊಟ್ಟಿತು. ರೊಟೇಟರ್ ಕಫ್ ಗಾಯ. ವೆಸ್ಟ್ ಇಂಡೀಸ್ ಸರಣಿ ತಪ್ಪಿತು, ಶಸ್ತ್ರಚಿಕಿತ್ಸೆ ಆಯ್ತು, ತಿಂಗಳುಗಟ್ಟಲೆ ಆಟದಿಂದ ಹೊರಗೆ. ವಯಸ್ಸು 27. ವೇಗಿಯ ಬದುಕಿನ ಅತ್ಯುತ್ತಮ ವರ್ಷಗಳು ಅಂತ ಕರೆಯೋದು ಇದನ್ನೇ.

ನಮ್ಮ ಅಕೌಂಟ್ಸ್ ಪುಸ್ತಕದಲ್ಲಿ ಡಿಪ್ರಿಸಿಯೇಷನ್ ಅಂತ ಒಂದು ಪಾಠ ಇರುತ್ತೆ, ಸವಕಳಿ. ಯಂತ್ರ ಕೊಂಡ ದಿನದಿಂದಲೇ ಸವೆಯೋಕೆ ಶುರು. ಪ್ರತಿ ವರ್ಷ ಒಂದು ಮೊತ್ತ ತೆಗೆದಿಡಬೇಕು. ತೆಗೆದಿಡದೇ ಲಾಭ ತೋರಿಸ್ತಾ ಹೋದ್ರೆ ಒಂದು ದಿನ ಯಂತ್ರ ನಿಲ್ಲುತ್ತೆ, ಆಗ ಪುಸ್ತಕದಲ್ಲಿ ಲಾಭ ಇರುತ್ತೆ, ಕೈಯಲ್ಲಿ ಏನೂ ಇರಲ್ಲ. 90ರ ದಶಕದ ಭಾರತ ಕ್ರಿಕೆಟ್‌ನಲ್ಲಿ ವೇಗಿಯ ಸವಕಳಿ ಬರೆಯೋ ಪದ್ಧತಿ ಗಟ್ಟಿಯಾಗಿರಲಿಲ್ಲ. ಬದಲಿ ವೇಗಿಗಳೂ ಕಡಿಮೆ. ಯಾರು ಫಿಟ್ ಇದ್ದಾರೋ ಅವರೇ ಹಾಕಬೇಕು.

ಶ್ರೀನಾಥ್ ವೃತ್ತಿಜೀವನದ ಮೊತ್ತ ಕೇಳಿ. ಟೆಸ್ಟ್‌ನಲ್ಲಿ 15,104 ಎಸೆತ. ಒನ್‌ಡೇಯಲ್ಲಿ 11,935. ಒಟ್ಟು 27 ಸಾವಿರ ದಾಟಿತು. ರಣಜಿ, ಕೌಂಟಿ, ನೆಟ್ಸ್ ಇದರಲ್ಲಿ ಸೇರಿಲ್ಲ. ಈಗ ಆ ಒಂದೂವರೆ ಕ್ವಿಂಟಲ್ಲನ್ನ 27 ಸಾವಿರ ಸಲ ಊಹಿಸ್ಕೊಳ್ಳಿ.

ಫೆಬ್ರವರಿ 1999

ಭುಜಕ್ಕೆ ಆಪರೇಷನ್ ಆದ ವೇಗಿ ಮತ್ತೆ ಅದೇ ವೇಗದಲ್ಲಿ ಹಾಕ್ತಾರಾ? ಎಷ್ಟೋ ಜನರಿಗೆ ಆಗಲ್ಲ. ಶ್ರೀನಾಥ್ 1997ರ ಕೊನೆಯಲ್ಲಿ ವಾಪಸ್ ಬಂದರು. 1999ರ ಫೆಬ್ರವರಿ ಒಂದೇ ತಿಂಗಳಲ್ಲಿ ಎರಡು ಕಥೆ.

ಫೆಬ್ರವರಿ 7, ದಿಲ್ಲಿ. ಪಾಕಿಸ್ತಾನದ ಎರಡನೇ ಇನಿಂಗ್ಸ್. ಅನಿಲ್ ಕುಂಬ್ಳೆಗೆ 9 ವಿಕೆಟ್ ಆಗಿದೆ. ಇನ್ನೊಂದು ತುದಿಯಿಂದ ಬೌಲಿಂಗ್ ಶ್ರೀನಾಥ್. ವಿಕೆಟ್ ತೆಗೀಬಾರದು! ಅವರು ಸ್ಟಂಪ್‌ನಿಂದ ದೂರ ದೂರ, ವೈಡ್ ಹಾಕಿದರು. ಕುಂಬ್ಳೆಗೆ 10 ಆಯಿತು. ಸ್ಟಂಪ್‌ಗೆ ಗುರಿ ಇಡೋದನ್ನೇ ಜೀವನ ಮಾಡ್ಕೊಂಡಿರೋರು ಗೆಳೆಯನಿಗಾಗಿ ಬೇಕಂತಲೇ ಗುರಿ ತಪ್ಪಿಸಿದ ಓವರ್ ಅದು.

ಒಂದೂವರೆ ವಾರಕ್ಕೆ ಕಲ್ಕತ್ತಾ, ಈಡನ್ ಗಾರ್ಡನ್ಸ್, ಮತ್ತೆ ಪಾಕಿಸ್ತಾನ. ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ 5, ಎರಡನೇದರಲ್ಲಿ 86ಕ್ಕೆ 8. ಪಂದ್ಯದಲ್ಲಿ 132 ರನ್‌ಗೆ 13 ವಿಕೆಟ್. ಇಷ್ಟೆಲ್ಲ ಮಾಡಿ ಭಾರತ ಸೋತಿತು, 46 ರನ್‌ನಿಂದ. ಹದಿಮೂರು ವಿಕೆಟ್ ತೆಗೆದು ಸೋಲೋದು ಎಂಥ ನೋವು ಅಂತ ಬೌಲರ್‌ಗಳನ್ನೇ ಕೇಳಬೇಕು.

ಅದೇ ವರ್ಷ ಇಂಗ್ಲೆಂಡಿನಲ್ಲಿ ವಿಶ್ವಕಪ್. ಟಿವಿಯಲ್ಲಿ ಸ್ಪೀಡ್ ಗನ್ ತೋರಿಸೋ ಸಂಖ್ಯೆಗಳ ಮೇಲೆ ಎಲ್ಲರ ಕಣ್ಣು. ಇದು ರೇಡಾರ್. ಚೆಂಡಿನ ಕಡೆ ಅಲೆ ಕಳಿಸುತ್ತೆ, ಬಡಿದು ವಾಪಸ್ ಬಂದ ಅಲೆಯ ಆವರ್ತನ ಎಷ್ಟು ಬದಲಾಗಿದೆ ಅಂತ ನೋಡುತ್ತೆ. ಆಂಬುಲೆನ್ಸ್ ಹತ್ತಿರ ಬರ್ತಾ ಸೈರನ್ ಕೀರಲಾಗಿ ಕೇಳಿಸಿ, ದಾಟಿ ಹೋದ ಮೇಲೆ ದಪ್ಪ ಆಗುತ್ತಲ್ಲ, ಅದೇ ಡಾಪ್ಲರ್ ತತ್ವ. ಗನ್ ತೋರಿಸೋದು ಕೈಯಿಂದ ಬಿಟ್ಟ ಹೊತ್ತಿನ ವೇಗ. ಬ್ಯಾಟ್ ಹತ್ರ ಬರುವಾಗ ಅದು ಕಡಿಮೆ ಆಗಿರುತ್ತೆ. ಇನ್‌ಸ್ಟ್ರುಮೆಂಟೇಶನ್ ಓದಿದ ಹುಡುಗನನ್ನ ಕೊನೆಗೂ ಒಂದು ಇನ್‌ಸ್ಟ್ರುಮೆಂಟ್ ಅಳೆಯಿತು. ಆ ವಿಶ್ವಕಪ್‌ನ 154.5 ಕಿ.ಮೀ. ಅನ್ನೋ ಸಂಖ್ಯೆ ಭಾರತದ ಅತಿ ವೇಗದ ಎಸೆತಗಳ ಪಟ್ಟಿಗಳಲ್ಲಿ ಇವತ್ತಿಗೂ ಶ್ರೀನಾಥ್ ಹೆಸರಿನ ಮುಂದೆ ಕಾಣುತ್ತೆ. ಆಪರೇಷನ್ ಆಗಿ ಎರಡು ವರ್ಷಕ್ಕೆ.

"ನಮ್ಮವರ ಮೈಗೆ ಒಗ್ಗಲ್ಲ" ಅನ್ನೋ ಮಾತಿಗೆ ಅದಕ್ಕಿಂತ ಚಿಕ್ಕ ಉತ್ತರ ಇಲ್ಲ. ಬಲ ಅಂದ್ರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಆ ಸೂತ್ರದಲ್ಲಿ ಊರಿನ ಹೆಸರು ಬರೆಯೋಕೆ ಜಾಗ ಇಲ್ಲ.

ಇವತ್ತಿಗೆ ಇದು ಯಾಕೆ ಬೇಕು

ಶ್ರೀನಾಥ್ ಟೆಸ್ಟ್ ಬಿಟ್ಟಿದ್ದು 2002ರಲ್ಲಿ. ಒನ್‌ಡೇ ಮುಗಿಸಿದ್ದು 2003ರ ವಿಶ್ವಕಪ್‌ನಲ್ಲಿ, 33ರ ವಯಸ್ಸಿನಲ್ಲಿ, 16 ವಿಕೆಟ್ ತೆಗೆದು. ಫೈನಲ್‌ನಲ್ಲಿ ಆಸ್ಟ್ರೇಲಿಯಾದವರು ಅವರ 10 ಓವರ್‌ಗೆ 87 ರನ್ ಹೊಡೆದದ್ದು ತುಂಬಾ ಜನರಿಗೆ ನೆನಪಿದೆ. ಆದ್ರೆ 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಒನ್‌ಡೇಗಳಲ್ಲಿ 315 ವಿಕೆಟ್ ಕೂಡ ಅದೇ ಪುಸ್ತಕದಲ್ಲಿವೆ. ಒನ್‌ಡೇಯಲ್ಲಿ 300 ದಾಟಿದ ಮೊದಲ ಭಾರತೀಯ ವೇಗಿ ಅವರು. 2006ರಿಂದ ಐಸಿಸಿ ಮ್ಯಾಚ್ ರೆಫರಿ.

ಈಗ ನಮ್ಮ ಕಾಲಕ್ಕೆ ಬನ್ನಿ. 2025ರ ಇಂಗ್ಲೆಂಡ್ ಪ್ರವಾಸದ ಐದು ಟೆಸ್ಟ್‌ಗಳಲ್ಲಿ ಜಸ್‌ಪ್ರೀತ್ ಬೂಮ್ರಾ ಮೂರು ಮಾತ್ರ ಆಡಿದರು. ಬೆನ್ನಿಗೆ ಶಸ್ತ್ರಚಿಕಿತ್ಸೆ ಆಗಿರೋ ಬೌಲರ್. ಆಗ ನಮ್ಮ ಫೋನ್‌ಗಳಲ್ಲಿ ಎಷ್ಟು ರೀಲ್ಸ್, ಎಷ್ಟು ಕಾಮೆಂಟು! "ದೇಶಕ್ಕಿಂತ ರೆಸ್ಟ್ ದೊಡ್ಡದಾ?" ಅಂತ. ಕಾಮೆಂಟ್ ಹಾಕೋ ಮುಂಚೆ ಮುಂಗಾಲಿನ ಐದು ಪಟ್ಟು ನೆನಪಿಸ್ಕೊಳ್ಳಿ, ಭುಜದ ಒಂದೂವರೆ ಕ್ವಿಂಟಲ್ ನೆನಪಿಸ್ಕೊಳ್ಳಿ. ವಿಶ್ರಾಂತಿ ಅನ್ನೋದು ಸೋಮಾರಿತನ ಅಲ್ಲ, ಸವಕಳಿಗೆ ತೆಗೆದಿಡೋ ಮೊತ್ತ.

ಇನ್ನೊಂದು ಮಾತು, ಇದು ಮೈಸೂರಿನ ಮೈದಾನಗಳಲ್ಲಿ, ಗಲ್ಲಿಗಳಲ್ಲಿ ಬೌಲಿಂಗ್ ಮಾಡೋ ತಮ್ಮ-ತಂಗಿಯರಿಗೆ. ಈಗ ಫೋನ್‌ನಲ್ಲೇ ಸ್ಪೀಡ್ ತೋರಿಸೋ ಆ್ಯಪ್‌ಗಳಿವೆ. ಹದಿನಾಲ್ಕು ವರ್ಷದ ಹುಡುಗರು ಸಂಜೆಯೆಲ್ಲ ಇನ್ನೂ 5 ಕಿ.ಮೀ. ಜಾಸ್ತಿ ಬರಲಿ ಅಂತ ಹಾಕ್ತಾನೇ ಇರ್ತಾರೆ. ಒಂದು ಲೆಕ್ಕ ಹೇಳ್ತೀನಿ. ಚೆಂಡಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 120ರಿಂದ 150ಕ್ಕೆ ಹೋದ್ರೆ ವೇಗ ಕಾಲು ಭಾಗ ಜಾಸ್ತಿ, ಶಕ್ತಿ ಮಾತ್ರ ಅರ್ಧಕ್ಕೂ ಮೀರಿ ಜಾಸ್ತಿ, ಶೇ 56. ಭುಜವನ್ನ ಎಳೆಯೋ ಬಲವೂ ಹೀಗೇ ವರ್ಗದಲ್ಲೇ ಏರೋದು. ಕೊನೆಯ ಆ 5 ಕಿ.ಮೀ. ಇದೆಯಲ್ಲ, ಅದು ಮೊದಲಿನ 5 ಕಿ.ಮೀ.ಗಿಂತ ಎಷ್ಟೋ ದುಬಾರಿ. ಮೂಳೆ ಇನ್ನೂ ಬೆಳೀತಾ ಇರೋ ವಯಸ್ಸಿನಲ್ಲಿ ಆ ಬಿಲ್ ಕಟ್ಟೋಕೆ ಹೋಗಬೇಡಿ. ಎಸೆತ ಎಣಿಸಿ. ನೋವು ಬಂದ್ರೆ ನಿಲ್ಲಿಸಿ. ಮುಂಗಾಲು, ಸೊಂಟ, ಭುಜದ ಕ್ರಮ ಸರಿ ಮಾಡ್ಕೊಳ್ಳಿ, ವೇಗ ತಾನಾಗೇ ಬರುತ್ತೆ.

ಹಾಗಂತ ವೇಗದ ಆಸೆ ಬಿಡಿ ಅಂತ ಹೇಳ್ತಿಲ್ಲ. ಆ ಆಸೆ ಇಲ್ಲದಿದ್ರೆ ಸ್ಪಿನ್ನರ್‌ಗಳ ದೇಶದಲ್ಲಿ, ಮೂರು ವರ್ಷ ತವರಿನಲ್ಲಿ ಚೆಂಡೇ ಸಿಗದ ಮೈಸೂರಿನ ಒಬ್ಬ ಇಂಜಿನಿಯರ್ ಅಷ್ಟು ದೂರದಿಂದ ಓಡಿ ಬರ್ತಿರಲಿಲ್ಲ. 0.42 ಸೆಕೆಂಡಿಗಾಗಿ 27 ಸಾವಿರ ಸಲ ಓಡಿ ಬಂದರು. ಪ್ರತಿ ಸಲವೂ ಡೆಬಿಟ್ ಅವರ ಖಾತೆಗೆ, ಕ್ರೆಡಿಟ್ ನಮ್ಮ ಖಾತೆಗೆ.

ಇವತ್ತಿಗೆ ಇಷ್ಟು. ನಿಮ್ಮ ಗುಂಪಿನಲ್ಲಿ ಬೌಲಿಂಗ್ ಮಾಡೋ ಗೆಳೆಯರಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ, ಅವರ ಕೋಚ್‌ಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.